ಅಜ್ಜನ ಮೂರು ಗಂಟೆಯ ಮಳೆ

ಬೆಳಿಗ್ಗೆ ಆರೂವರೆಗೆಲ್ಲ ನನ್ನ ಫೋನಿಗೆ ಹವಾಮಾನ ಬಂದು ಬೀಳುತ್ತದೆ. ಯಾರೋ ಪುಣ್ಯಾತ್ಮರು ಬರೆದದ್ದು, ಯಾರ್ಯಾರೋ ದಾಟಿಸಿದ್ದು. ಪುತ್ತೂರು, ಸುಳ್ಯ, ಕಡಬ ಭಾಗಗಳಲ್ಲಿ ಒಣಹವೆ, ಬಿಸಿಲಿನ ತಾಪ ಇನ್ನೂ ಕೆಲವು ದಿನ ಮುಂದುವರಿಯುವ ಸಾಧ್ಯತೆ, ಘಟ್ಟದ ತಪ್ಪಲಿನ ಒಂದೆರಡು ಕಡೆ ಸಂಜೆ ಗುಡುಗು, ಮಧ್ಯಾಹ್ನ ಹೊರಗೆ ಕೆಲಸ ಮಾಡಬೇಡಿ. ಈ ಬೇಸಗೆಯಲ್ಲಿ ಇದೇ ಸಾಲುಗಳನ್ನು ಓದಿ ಓದಿ ಬಾಯಿಪಾಠವಾಗಿದೆ. ಪುತ್ತೂರಿನ ನಮ್ಮ ಬೀದಿಯಲ್ಲಿ ಹನ್ನೊಂದು ಗಂಟೆಯ ಮೇಲೆ ನಾಯಿ ಕೂಡ ಅಂಗಡಿಯ ನೆರಳು ಬಿಟ್ಟು ಏಳುವುದಿಲ್ಲ. ಕೆಳಗಿನ ಮನೆಯ ಹೆಂಗಸು ಟೆರೇಸಿಗೆ ಹಲಸಿನ ಹಪ್ಪಳ ಒಯ್ಯುವ ಮೊದಲು ನನ್ನ ಬಾಗಿಲಲ್ಲಿ ನಿಲ್ಲುತ್ತಾಳೆ.

“ಅಕ್ಕ, ಇವತ್ತು ಮಳೆ ಬರ್ತದಾ? ಫೋನಲ್ಲಿ ಎಂತ ಹೇಳ್ತಾರೆ?”

ಫೋನಿನಲ್ಲಿ ಇದ್ದದ್ದನ್ನು ಓದಿ ಹೇಳುತ್ತೇನೆ.

“ಅದು ಅವರು ಹೇಳುದು. ನಿಮಗೆ ಎಂತ ಕಾಣ್ತದೆ?”

ನನಗೆ ಗೊತ್ತಿಲ್ಲ ಅನ್ನುತ್ತೇನೆ. ಪ್ರತಿಸಲವೂ ಅದೇ ಉತ್ತರ. ಒಂದು ಮಾತು ಹೇಳಿದರೆ ನಿಮ್ಮ ಗಂಟು ಹೋಗ್ತದಾ ಮಾರಾಯ್ರೆ ಎಂದು ಅವಳು ನಗುತ್ತಾಳೆ. ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಜನರಿಗೆ ಉತ್ತರ ಕೊಟ್ಟವಳು ನಾನು. ಕಾಗದ ಬಂದಿದೆಯಾ ಎಂದು ಕೇಳಿದರೆ ಗೂಡಿನಲ್ಲಿ ಒಂದು ಸಲ, ಮೇಜಿನ ಮೇಲೆ ಒಂದು ಸಲ ಹುಡುಕಿಯೇ ಇಲ್ಲ ಅನ್ನುತ್ತಿದ್ದೆ. ಬೇಗ ಹೇಳು ಎಂದು ಗದರಿದವರುಂಟು, ಈಕೆ ಜಂಬದವಳು ಅಂದವರೂ ಉಂಟು. ಕಣ್ಣಾರೆ ನೋಡದ್ದನ್ನು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಇದು ಹುಟ್ಟಿನಿಂದ ಬಂದ ಗುಣವಲ್ಲ. ಇದು ನನ್ನ ಹತ್ತನೆಯ ವಯಸ್ಸಿನಲ್ಲಿ, ಇಂಥದ್ದೇ ಒಂದು ಬೇಸಗೆಯಲ್ಲಿ, ಒಂದು ಮಧ್ಯಾಹ್ನ ಬಂದದ್ದು.

ನೆಟ್ಟಣದಿಂದ ಒಂದೂವರೆ ಮೈಲಿ ಒಳಗೆ, ಗುಡ್ಡಕ್ಕೆ ಬೆನ್ನು ಕೊಟ್ಟು ಕೂತ ಮನೆ ನಮ್ಮದು. ಎದುರಿಗೆ ಸಗಣಿ ಸಾರಿಸಿದ ದೊಡ್ಡ ಅಂಗಳ, ಅಂಗಳ ದಾಟಿದರೆ ಗದ್ದೆ. ಅಂಗಳದಿಂದ ಪಡುವಣ ಆಕಾಶ ಎಷ್ಟು ಬೇಕಾದರೂ ಕಾಣುತ್ತಿತ್ತು. ಆದರೆ ನಮ್ಮ ಕಡೆ ಬೇಸಗೆಯ ಮಳೆ ಬರುವುದು ಮೂಡಣದಿಂದ, ಘಟ್ಟದ ಮೇಲಿಂದ. ಆ ದಿಕ್ಕನ್ನು ಗುಡ್ಡ ಪೂರ್ತಿ ಮುಚ್ಚಿತ್ತು. ಮೂಡಣ ನೋಡಬೇಕಾದರೆ ಚಾವಡಿಯ ಪಕ್ಕದಿಂದ ಹಿಂದಕ್ಕೆ ಹೋಗಿ, ಗೇರು ಮರಗಳ ಕೆಳಗಿನ ತರಗೆಲೆಯ ಮೇಲೆ ನಡೆದು, ಮೇಲಿನ ಪಾದೆಯನ್ನು ಹತ್ತಬೇಕು. ಪಾದೆ ಅಂದರೆ ಬರಿಯ ಕಪ್ಪು ಬಂಡೆ, ಒಂದು ಹುಲ್ಲು ಕಡ್ಡಿಯೂ ಇಲ್ಲ. ಅಲ್ಲಿ ನಿಂತರೆ ಘಟ್ಟದ ಸಾಲು ಈ ತುದಿಯಿಂದ ಆ ತುದಿಯ ತನಕ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತು ಅಲ್ಲಿ ಬರಿಗಾಲಲ್ಲಿ ನಿಲ್ಲುವುದೆಂದರೆ ದೋಸೆಕಲ್ಲಿನ ಮೇಲೆ ನಿಂತ ಹಾಗೆ. ಮಕ್ಕಳಿಗೆ ಚಪ್ಪಲಿ ಎಂಬುದು ಆಗ ನಮ್ಮ ಮನೆಯಲ್ಲಿ ಇರಲಿಲ್ಲ.

ಮನೆಯ ಯಜಮಾನ ಅಜ್ಜ, ನನ್ನ ಅಮ್ಮನ ಅಪ್ಪ. ಅವರು ಆ ಸೀಮೆಯಲ್ಲಿ ಹವೆ ಹೇಳುವವರು. ಹಾಗೆಂದು ಅದು ಉದ್ಯೋಗವಲ್ಲ, ಯಾರೂ ಅದಕ್ಕಾಗಿ ಏನೂ ಕೊಡುತ್ತಿರಲಿಲ್ಲ. ಮಳೆಗಾಲದ ಅಕ್ಕಿಗೆ ಭತ್ತ ಬೇಯಿಸುವವರು, ಹಂಚು ಇಳಿಸಿ ಮಾಡು ಸರಿ ಮಾಡುವವರು, ಮದುವೆಗೆ ಚಪ್ಪರ ಹಾಕುವವರು ಒಂದು ಸಲ ನಮ್ಮ ಚಾವಡಿಗೆ ಬಂದು, ಬೆಲ್ಲ ನೀರು ಕುಡಿದು, ಅಜ್ಜನನ್ನು ಕೇಳಿಯೇ ಹೋಗುತ್ತಿದ್ದರು. ಮನೆಯಲ್ಲಿ ನಾವಾಡುತ್ತಿದ್ದದ್ದು ತುಳು. ಆದರೆ ಹವೆಯ ಮಾತನ್ನು ಮಾತ್ರ ಅಜ್ಜ ಕನ್ನಡದಲ್ಲಿ ಹೇಳುತ್ತಿದ್ದರು, ರೇಡಿಯೋದವರ ಹಾಗೆ, ಗಂಟಲು ಸರಿ ಮಾಡಿಕೊಂಡು. “ಇಂದು ಒಣಹವೆ. ನಾಳೆ ಸಂಜೆ ಗುಡುಗು ಸಹಿತ ಮಳೆ.” ಅವರ ಮಾತಿನಲ್ಲಿ ‘ಸಾಧ್ಯತೆ’ ಎಂಬ ಶಬ್ದವೇ ಇರಲಿಲ್ಲ. ರೇಡಿಯೋ ಅವರ ತಲೆಯ ಹತ್ತಿರದ ಗೋಡೆಗೂಡಿನಲ್ಲಿ ಇತ್ತು. ಅದು ಹೇಳಿದ್ದಕ್ಕೂ ತಾನು ಹೇಳಿದ್ದಕ್ಕೂ ತಾಳೆಯಾಗದಿದ್ದರೆ, ಆ ಮಂಗಳೂರಿನವರಿಗೆ ನೆಟ್ಟಣದ ಸುದ್ದಿ ಎಂತ ಗೊತ್ತು ಎಂದು ರೇಡಿಯೋದ ಕಿವಿ ಹಿಂಡಿ ಬಂದ್ ಮಾಡುತ್ತಿದ್ದರು.

ಈ ಅಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೆ. ಪುತ್ತೂರಿಗೆ ಹೋಗಿ ತೋರಿಸುವ ಎಂದರೆ ಕೇಳುತ್ತಿರಲಿಲ್ಲ. ಈ ವಿಷಯ ಗೊತ್ತಿದ್ದದ್ದು ಮನೆಯಲ್ಲಿದ್ದ ನಮಗೆ ಮೂವರಿಗೆ: ಅಮ್ಮ, ದೊಡ್ಡಮ್ಮ, ನಾನು. ಶನಿವಾರ ಸುಳ್ಯದ ಕೆಲಸದಿಂದ ಬಂದು ಸೋಮವಾರ ಹೋಗುತ್ತಿದ್ದ ನನ್ನ ಅಪ್ಪನಿಗೂ ಅದು ಎಷ್ಟು ತಿಳಿದಿತ್ತೋ ಗೊತ್ತಿಲ್ಲ. ಅಜ್ಜನ ಕಿವಿ ಅಷ್ಟು ಚುರುಕು. ಅಂಗಳಕ್ಕೆ ಯಾರು ಕಾಲಿಟ್ಟರೂ ಹೆಜ್ಜೆಯಲ್ಲೇ ಗುರುತು ಹಿಡಿದು, “ದೇರಣ್ಣ, ಬಾ, ಕೂತ್ಕೋ” ಅನ್ನುತ್ತಿದ್ದರು. ಬಂದವರಿಗೆ ಸಂಶಯ ಬರಲು ಎಡೆಯೇ ಇರಲಿಲ್ಲ.

ಆಕಾಶ ನೋಡುವ ಕೆಲಸ ನನ್ನದು. ನನಗೆ ಅದನ್ನು ಕಲಿಸಿದವರೂ ಅಜ್ಜನೇ. ಕಪ್ಪು ಎಂದರೆ ಸಾಕಾಗುತ್ತಿರಲಿಲ್ಲ. “ಒಣಗಿ ನಿಂತ ಎಮ್ಮೆಯ ಕಪ್ಪಾ, ನೀರಿಂದ ಎದ್ದ ಎಮ್ಮೆಯ ಕಪ್ಪಾ?” ಎಂದು ಕೇಳುತ್ತಿದ್ದರು. ಮೋಡದ ಅಂಚು ಬೆಳ್ಳಗೆ ಉಂಟಾ, ಘಟ್ಟದ ತಲೆ ಕಾಣ್ತದಾ, ಮುಚ್ಚಿದೆಯಾ, ಹದ್ದು ಎಷ್ಟು ಎತ್ತರದಲ್ಲಿ ಉಂಟು. ಬೇಸಗೆಯ ರಜೆಯಲ್ಲಿ ದಿನಕ್ಕೆ ಮೂರು ಸಲ ನಾನು ಪಾದೆ ಹತ್ತಿ ಇಳಿದು, ಅವರ ಕಿವಿಯ ಹತ್ತಿರ ಬಾಯಿಟ್ಟು ಕಂಡದ್ದನ್ನು ಹೇಳುತ್ತಿದ್ದೆ. ಅವರು ಅದಕ್ಕೆ ಗಾಳಿಯನ್ನು ಸೇರಿಸಿ, ನೆಟ್ಟಣದ ಕಡೆಯಿಂದ ರೈಲಿನ ಕೂಗು ಕೇಳಿತೋ ಇಲ್ಲವೋ ಎಂಬುದನ್ನು ಸೇರಿಸಿ, ಹವೆ ಹೇಳುತ್ತಿದ್ದರು. ಹೆಚ್ಚಿನ ಸಲ ಅದು ಸರಿಯಾಗುತ್ತಿತ್ತು. ಆಗ ನನಗಾಗುತ್ತಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಮಳೆಯನ್ನು ನಾನೇ ತರಿಸಿದೆನೇನೋ ಎಂಬಂತೆ ಶಾಲೆಯ ಹುಡುಗಿಯರೆದುರು ನಡೆಯುತ್ತಿದ್ದೆ.

ಸಂಜೆ ನನ್ನ ಸುಟ್ಟ ಅಂಗಾಲಿಗೆ ಎಣ್ಣೆ ಹಚ್ಚುತ್ತಿದ್ದವಳು ಕಮಲ ದೊಡ್ಡಮ್ಮ, ಅಮ್ಮನ ಅಕ್ಕ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮತ್ತೆ ಎಲ್ಲಿಗೂ ಹೋಗಲಿಲ್ಲ. ಆ ಮನೆ ನಡೆಯುತ್ತಿದ್ದದ್ದು ಅವಳ ರಟ್ಟೆಯಲ್ಲಿ. ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಿತ್ತಾಳೆ ಗಿಂಡಿಯಲ್ಲಿ ತೆಂಗಿನೆಣ್ಣೆ ಇಡುತ್ತಿದ್ದಳು. ಅದಕ್ಕೆ ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತು, ನನ್ನ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡು, ಎಣ್ಣೆ ತಿಕ್ಕುತ್ತಾ ಅಜ್ಜನಿಗೆ ಕೇಳುವ ಹಾಗೆ ಗೊಣಗುತ್ತಿದ್ದಳು.

“ಇವರ ದೊಡ್ಡಸ್ತಿಕೆಗೆ ಈ ಕೂಸಿನ ಕಾಲು ಬೇಯುದು. ಕಣ್ಣು ಕಾಣುದಿಲ್ಲ ಅಂತ ಹೇಳಿದ್ರೆ ಎಂತ ಆಗ್ತದೆ?”

“ನಿನ್ನ ಕೆಲಸ ನೋಡು ಕಮಲ” ಎಂದು ಚಾವಡಿಯಿಂದ ಉತ್ತರ ಬರುತ್ತಿತ್ತು.

ದಿನಾ ಜಗಳ. ಆದರೂ ಅಜ್ಜ ಹವೆ ಹೇಳಿದ ಮೇಲೆ ಮೊದಲು ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದವಳು ಅವಳೇ. ಮಳೆ ಎಂದರೆ ಕಟ್ಟಿಗೆ ಒಳಗೆ, ಒಣಹವೆ ಎಂದರೆ ಭತ್ತ ಹಂಡೆಗೆ. ಗಂಜಿಗೆ ಎಷ್ಟು ಅಕ್ಕಿ ಹಾಕಬೇಕೆಂದು ಕೂಡ ತನ್ನ ಅಪ್ಪನನ್ನು ಕೇಳದ ದೊಡ್ಡಮ್ಮ, ಆಕಾಶದ ವಿಷಯದಲ್ಲಿ ಮಾತ್ರ ಅಪ್ಪನ ಮಾತು ಮೀರಿದವಳಲ್ಲ.

ಆ ವರ್ಷ ಬೇಸಗೆ ಮಿತಿ ಮೀರಿತ್ತು. ಬಾವಿಯಲ್ಲಿ ಕೊಡ ಮುಳುಗಿಸಲು ನೀರು ಸಾಲದೆ ಚೊಂಬಿನಲ್ಲಿ ತುಂಬಿಸುತ್ತಿದ್ದೆವು. ಗಾಳಿ ಎಂಬುದು ಇಲ್ಲ, ಮೈಗೆ ಅಂಟಿದ ಬೆವರು ಆರುವುದಿಲ್ಲ, ಗಂಜಿ ಕುಡಿಯಲು ಕೂತರೆ ಬೆವರು ಬಟ್ಟಲಿಗೇ ಬೀಳುತ್ತಿತ್ತು. ಜನ ಬಂದು ಬಂದು ಕೇಳುತ್ತಿದ್ದರು. ಅಜ್ಜ ಒಂದು ದಿನ ನಾಳೆ ಮಳೆ ಎಂದರು. ಬರಲಿಲ್ಲ. ಮಾರನೆಯ ದಿನ ಸಂಜೆಗೆ ಎಂದರು. ಮೋಡ ನಾನು ಕಂಡದ್ದು ನಿಜ, ಆದರೆ ಅದು ಕೊಡಗಿನ ಕಡೆಗೆ ಸರಿದು ಹೋಯಿತು. ಮೂರನೆಯ ಸಲವೂ ತಪ್ಪಿತು. ಆ ದಿನ ಕೆಳಗಿನ ಮನೆಯ ದೇರಣ್ಣ ಜಗಲಿಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ತಮಾಷೆ ಮಾಡಿದ.

“ಅಜ್ಜೇರೆ, ನಿಮ್ಮ ಮಳೆಗೆ ದಾರಿಯಲ್ಲಿ ಬಸ್ಸು ತಪ್ಪಿತೋ ಎಂತದೋ.”

ಅವನ ಜೊತೆಯಲ್ಲಿದ್ದ ಇಬ್ಬರು ನಕ್ಕರು. ದೇರಣ್ಣ ಕೆಟ್ಟವನಲ್ಲ, ಬಿಸಿಲಿಗೆ ಬೇಸತ್ತು ಆಡಿದ ಮಾತು ಅದು. ಆದರೆ ಅಜ್ಜನ ಮುಖ ನಾನು ನೋಡಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಕೈಯಲ್ಲಿದ್ದ ಬೀಸಣಿಗೆಯನ್ನು ಮಡಿಲಲ್ಲಿ ಇಟ್ಟುಬಿಟ್ಟರು. ಆ ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ನಾಳೆ ಮಳೆ ಬರಲೇಬೇಕು, ಬಂದು ದೇರಣ್ಣನ ಬಾಯಿ ಮುಚ್ಚಬೇಕು ಎಂದು ದೇವರ ಕೋಣೆಯೆದುರು ನಿಂತು ಹರಕೆ ಹೇಳಿಕೊಂಡೆ.

ಮರುದಿನ ನಮ್ಮಲ್ಲಿ ಭತ್ತ ಬೇಯಿಸಿದ ದಿನ. ಬಾವಿಯ ತಳ ಕಾಣುವ ಮೊದಲು ಆ ಕೆಲಸ ಮುಗಿಸಬೇಕೆಂದು ದೊಡ್ಡಮ್ಮ ಹಟ ಹಿಡಿದಿದ್ದಳು. ಬೆಳಕು ಹರಿಯುವ ಮೊದಲೇ ಎದ್ದು ಹಂಡೆಯ ಬುಡಕ್ಕೆ ಬೆಂಕಿ ಹಾಕಿ, ಬಿಸಿ ಭತ್ತವನ್ನು ಹೆಡಿಗೆಯಲ್ಲಿ ಹೊತ್ತು ತಂದು, ಒಂಬತ್ತು ಗಂಟೆಗೆ ಅಂಗಳದ ಚಾಪೆಗಳ ಮೇಲೆಲ್ಲ ಹರಡಿ ಆಗಿತ್ತು. ಮಳೆಗಾಲ ಪೂರ್ತಿ ನಾವು ಉಣ್ಣಬೇಕಾದ ಅನ್ನ ಅದು. ಬೇಯಿಸಿದ ಭತ್ತ ಒಮ್ಮೆ ಮಳೆಗೆ ನೆನೆದರೆ ಮುಗ್ಗಲು ಹಿಡಿದು ಹೋಗುತ್ತದೆ, ದನಕ್ಕೂ ಸಲ್ಲುವುದಿಲ್ಲ. ಅಮ್ಮ ಆ ಮೂರು ದಿನ ಹೊರಗೆ ಕೂತಿದ್ದಳು. ಕೊಟ್ಟಿಗೆಯ ಪಕ್ಕದ ಸಣ್ಣ ಮಾಡಿನ ಕೆಳಗೆ ಅವಳ ಚಾಪೆ, ಅವಳ ಚೊಂಬು. ಭತ್ತವನ್ನು ಅವಳು ಮುಟ್ಟುವ ಹಾಗಿರಲಿಲ್ಲ. ಕೆಲಸಕ್ಕೆ ಬಂದಿದ್ದ ಹೆಂಗಸು ಊಟಕ್ಕೆಂದು ಮನೆಗೆ ಹೋಗಿದ್ದಳು. ದೊಡ್ಡಮ್ಮ ಒಬ್ಬಳೇ ಅಂಗಳದಲ್ಲಿ, ತಲೆಗೆ ಬೈರಾಸು ಕಟ್ಟಿಕೊಂಡು, ಕಾಲಿನಿಂದ ಭತ್ತ ಕೆದಕುತ್ತಾ ಸಾಲಿನಿಂದ ಸಾಲಿಗೆ ನಡೆಯುತ್ತಿದ್ದಳು.

ಹನ್ನೆರಡೂವರೆಗೆ ಅಜ್ಜ ನನ್ನನ್ನು ಕರೆದರು.

“ಹೋಗಿ ನೋಡಿ ಬಾ.”

ನಾನು ಚಾವಡಿಯಿಂದ ಇಳಿದು ಮನೆಯ ಪಕ್ಕದ ಗೋಡೆಯ ತನಕ ಹೋದೆ. ಅಲ್ಲಿಯ ತನಕ ನೆರಳಿತ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಹಿಂದಿನ ದಿನದ ಗುಳ್ಳೆ ಒಡೆದಿತ್ತು. ನೆರಳು ಮುಗಿಯುವಲ್ಲಿ ಮಣ್ಣಿಗೆ ಕಾಲು ಇಟ್ಟು ತೆಗೆದೆ. ಗೇರು ಮರಗಳ ಆಚೆ ಪಾದೆಯ ಮೇಲೆ ಗಾಳಿ ನಡುಗುತ್ತಿದ್ದದ್ದು ಕಾಣುತ್ತಿತ್ತು. ಗೋಡೆಗೆ ಒರಗಿ ನಿಂತು ಒಂದರಿಂದ ನೂರು ಎಣಿಸಿದೆ. ಪಾದೆ ಹತ್ತಿ ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು. ಕಾಲಿನ ನೋವಿಗೆ ಮಾತ್ರ ಹಾಗೆ ಮಾಡಿದೆ ಎಂದರೆ ಅದೂ ಸುಳ್ಳಾಗುತ್ತದೆ. ಹತ್ತಿ ನೋಡಿದರೆ ಆಕಾಶ ಖಾಲಿ ಇರುತ್ತದೆ, ಖಾಲಿ ಎಂದು ಅಜ್ಜನಿಗೆ ಹೇಳಬೇಕಾಗುತ್ತದೆ ಎಂಬ ಹೆದರಿಕೆಯೂ ಇತ್ತು. ಒಳಗೆ ಬಂದು ಅವರ ಕಿವಿಯ ಹತ್ತಿರ ಬಾಗಿದೆ.

“ಕಪ್ಪು ಉಂಟು ಅಜ್ಜ. ನೀರಿಂದ ಎದ್ದ ಎಮ್ಮೆ. ಘಟ್ಟದ ತಲೆ ಕಾಣುದಿಲ್ಲ.”

ಅವರು ಮುಖವನ್ನು ಬಾಗಿಲ ಕಡೆ ತಿರುಗಿಸಿ ಗಾಳಿಗೆ ಕಾದರು. ಗಾಳಿ ಇರಲಿಲ್ಲ.

“ಸರಿ ನೋಡಿದ್ದೀಯಾ?”

“ನೋಡಿದ್ದೇನೆ.”

ಅಜ್ಜ ನೇರ ಕೂತರು. ಗಂಟಲು ಸರಿ ಮಾಡಿಕೊಂಡರು. ಅಂಗಳಕ್ಕೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದರು.

“ಪೂರ್ವದಲ್ಲಿ ದಟ್ಟ ಮೋಡ. ಇಂದು ಮೂರು ಗಂಟೆಯ ಒಳಗೆ ಮಳೆ.”

ದೊಡ್ಡಮ್ಮ ಕೆದಕುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಪಡುವಣ ಆಕಾಶ ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಅವಳು ಅಜ್ಜನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

“ಈ ಬಿಸಿಲಿಗೆ ಎಲ್ಲಿಯ ಮಳೆ ಮಗಾ? ನೀನು ನೋಡಿದ್ದಾ?”

ನಾನು ಹೌದೆಂದು ತಲೆಯಾಡಿಸಿದೆ. ಅವಳು ಸೆರಗು ಬಿಗಿದು ಹೆಡಿಗೆ ತೆಗೆದುಕೊಂಡಳು.

ಮೊದಲು ಗೋರಿ ರಾಶಿ ಮಾಡಬೇಕು, ಆಮೇಲೆ ಹೆಡಿಗೆಗೆ ತುಂಬಿ ಮೂರು ಮೆಟ್ಟಿಲು ಹತ್ತಿ ಚಾವಡಿಗೆ ಸುರಿಯಬೇಕು. ಅರೆ ಒಣಗಿದ ಭತ್ತಕ್ಕೆ ಭಾರ ಜಾಸ್ತಿ. ನಾನೂ ಒಂದು ಸಣ್ಣ ಕುಕ್ಕೆಯಲ್ಲಿ ಹೊತ್ತೆ. ಈಗ ನಿಜ ಹೇಳುತ್ತೇನೆ, ಈ ಹೆಡಿಗೆ ಇಳಿಸಿದ ಮೇಲೆ ಹೇಳುತ್ತೇನೆ ಎಂದು ಪ್ರತಿಸಲವೂ ಅಂದುಕೊಂಡೆ. ಹೇಳಿದರೆ ಅಜ್ಜ ನಾಲ್ಕನೆಯ ಸಲ ಸೋಲುತ್ತಾರೆ, ಅದೂ ನನ್ನಿಂದ. ಕೊಟ್ಟಿಗೆಯ ಕಡೆಯಿಂದ ಅಮ್ಮ ಕೂಗುತ್ತಿದ್ದಳು.

“ಅಕ್ಕ, ಸ್ವಲ್ಪ ಕೂತ್ಕೋ. ನೀರು ಕುಡಿ. ಕೆಲಸದವಳು ಬರ್ಲಿ, ಇಬ್ಬರೂ ಸೇರಿ ಎತ್ತುವ.”

“ಮಳೆ ಅವಳಿಗೆ ಕಾಯ್ತದಾ?” ಎಂದಳು ದೊಡ್ಡಮ್ಮ.

ಅರ್ಧ ಅಂಗಳ ಖಾಲಿಯಾಗಿತ್ತು. ಅಷ್ಟು ಹೊತ್ತು ಸುರಿಯುತ್ತಿದ್ದ ಅವಳ ಬೆವರು ನಿಂತದ್ದು ನನ್ನ ಕಣ್ಣಿಗೆ ಬಿತ್ತು. ಮುಖ ಕೆಂಪಗೆ, ಒಣಗಿ, ಕುಂಕುಮ ಹಚ್ಚಿದ ಹಾಗಿತ್ತು. ಅದರ ಅರ್ಥ ನನಗೆ ಗೊತ್ತಿರಲಿಲ್ಲ, ಆರಾಮ ಆಗಿರಬೇಕು ಎಂದುಕೊಂಡೆ. ಅವಳು ಮೆಟ್ಟಿಲ ಬುಡದಲ್ಲಿ ನಿಂತು, ಎಷ್ಟೋ ವರ್ಷದ ಹಿಂದೆ ಸತ್ತುಹೋದ ಒಂದು ದನದ ಹೆಸರು ಹೇಳಿ, ಅದಕ್ಕೆ ಹುಲ್ಲು ಹಾಕಿದಿರಾ ಎಂದು ಕೇಳಿದಳು. ಆಮೇಲೆ ಹೆಡಿಗೆಯ ಸಮೇತ ಪಕ್ಕಕ್ಕೆ ವಾಲಿದಳು. ಭತ್ತ ಮೆಟ್ಟಿಲ ಮೇಲೆ ಸುರಿದ ಶಬ್ದಕ್ಕೆ ಅಜ್ಜ “ಯಾರು ಬಿದ್ದದ್ದು?” ಎಂದರು.

ಅಮ್ಮ ಹೊರಗಾಗಿದ್ದವಳು, ಭತ್ತದ ಮೇಲೆಯೇ ಓಡಿ ಬಂದು ಅಕ್ಕನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಮೈಲಿಗೆಯ ಮಾತು ಯಾರೂ ಎತ್ತಲಿಲ್ಲ. ದೊಡ್ಡಮ್ಮನ ಮೈ ಮುಟ್ಟಿದರೆ ಹಂಡೆಯ ಹಾಗೆ ಸುಡುತ್ತಿತ್ತು. ನೀರು ಹೊಯ್ದೆವು, ಚೊಂಬಿನಲ್ಲಿ ತುಂಬಿಸಿಟ್ಟ ಆ ದಿನದ ನೀರೆಲ್ಲ ಹೊಯ್ದೆವು. ಬೊಂಡ ಕೆತ್ತಿ ಎಳನೀರು ಬಾಯಿಗೆ ಬಿಟ್ಟರೆ ಒಳಗೆ ಇಳಿಯಲಿಲ್ಲ. ಕೂಗು ಕೇಳಿ ಬಂದ ದೇರಣ್ಣ ನೆಟ್ಟಣದ ತನಕ ಓಡಿ ಜೀಪು ತಂದ. ಪುತ್ತೂರಿಗೆ ಒಯ್ಯುವ ದಾರಿಯಲ್ಲಿ, ಕಾಣಿಯೂರು ದಾಟುವಾಗ, ಅವಳ ಉಸಿರು ನಿಂತಿತು. ಜೀಪು ಅಲ್ಲಿಂದಲೇ ಹಿಂದೆ ತಿರುಗಿ ಬಂತು.

ಮೂರು ಗಂಟೆಗೆ ಮಳೆ ಬರಲಿಲ್ಲ. ಆ ದಿನ ಬರಲಿಲ್ಲ, ಅದರ ಮುಂದಿನ ಎರಡು ವಾರವೂ ಬರಲಿಲ್ಲ. ಎತ್ತದೆ ಉಳಿದ ಭತ್ತ ಹೆಣ ಮನೆಯಲ್ಲಿ ಇರುವಾಗ ಅಂಗಳದಲ್ಲೇ ಚೆನ್ನಾಗಿ ಒಣಗಿತು. ಒಳಗೆ ರಾಶಿ ಹಾಕಿದ್ದನ್ನು ನೆರೆಯವರು ಮರುದಿನ ಮತ್ತೆ ಹೊರಗೆ ಹರಡಿದರು. ಆ ಅಕ್ಕಿಯನ್ನೇ ನಾವು ಮಳೆಗಾಲ ಮುಗಿಯುವ ತನಕ ಉಂಡೆವು. ನಾನೂ ಉಂಡೆ.

ಬಂದವರು ಹಣೆಬರಹ ಎಂದರು. ಅಮ್ಮ ಹಾಗೆ ಅನ್ನಲಿಲ್ಲ. ಎಲ್ಲರೂ ಹೋದ ಮೇಲೆ ಚಾವಡಿಯ ಕಂಬ ಹಿಡಿದು ನಿಂತು ಅಜ್ಜನಿಗೆ ಒಂದೇ ಮಾತು ಹೇಳಿದಳು.

“ನಿಮ್ಮ ಬಾಯಿಗೆ ಹೋದಳು ಅವಳು.”

ಅಜ್ಜ “ಹೌದು” ಎಂದರು. ಆಮೇಲೆ ಅವರು ಬದುಕಿದ್ದ ಆರೇಳು ವರ್ಷ ಅಮ್ಮ ಅವರಿಗೆ ಹೊತ್ತು ಹೊತ್ತಿಗೆ ಬಡಿಸಿದಳು, ಬಟ್ಟೆ ಒಗೆದಳು, ಕೈ ಹಿಡಿದು ಸ್ನಾನಕ್ಕೆ ಒಯ್ದಳು, ಆದರೆ ಮಾತಾಡಿಸಲಿಲ್ಲ. ಆ ಮೌನದ ನಡುವೆ ಕೂತು ನಾನು ಪಾಠ ಓದಿದೆ, ದೊಡ್ಡವಳಾದೆ. ನಾನು ಬಾಯಿ ಬಿಟ್ಟಿದ್ದರೆ ಅಮ್ಮನ ಸಿಟ್ಟು ಸರಿಯಾದ ಜಾಗಕ್ಕೆ ಬಂದು ಬೀಳುತ್ತಿತ್ತು. ಬಿಡಲಿಲ್ಲ. ಅಮ್ಮ ತೀರಿಕೊಳ್ಳುವ ತನಕವೂ ಬಿಡಲಿಲ್ಲ. ಇದನ್ನು ಈಗ ಬರೆಯುತ್ತಿರುವುದು ಓದಿ ಬೇಸರಪಡುವವರು ಯಾರೂ ಉಳಿದಿಲ್ಲ ಎಂಬ ಧೈರ್ಯದಲ್ಲಿ. ಇದೂ ಒಂದು ಹೇಡಿತನವೇ.

ಆದರೆ ನನ್ನ ಸುಳ್ಳು ಅಜ್ಜನಿಂದ ಅಡಗಿರಲಿಲ್ಲ. ಹನ್ನೊಂದನೆಯ ದಿನದ ಕ್ರಿಯೆ ಮುಗಿದು, ನೆಂಟರು ಹೋಗಿ, ಮನೆ ಖಾಲಿಯಾದ ಮಾರನೆಯ ದಿನ ಮಧ್ಯಾಹ್ನ ಅವರು ನನ್ನನ್ನು ಕರೆದರು. ಅಷ್ಟು ದಿನ ಅವರು ಹವೆ ಹೇಳಿರಲಿಲ್ಲ, ರೇಡಿಯೋ ಹಾಕಿರಲಿಲ್ಲ.

“ಹೋಗಿ ನೋಡಿ ಬಾ.”

ಹೋದೆ. ನೆರಳು ದಾಟಿ, ಗೇರು ಮರಗಳ ಕೆಳಗೆ ತರಗೆಲೆ ತುಳಿದುಕೊಂಡು, ಪಾದೆ ಹತ್ತಿ ನಿಂತೆ. ಘಟ್ಟದ ಸಾಲು ಈ ತುದಿಯಿಂದ ಆ ತುದಿಯ ತನಕ ಬೆತ್ತಲೆ ನಿಂತಿತ್ತು. ಅಂಗಾಲು ಉರಿದರೂ ಬೇಕೆಂದೇ ನಿಂತೆ, ಕಣ್ಣಿಗೆ ನೀರು ಬರುವ ತನಕ. ಬಂದು ಹೇಳಿದೆ.

“ಏನೂ ಇಲ್ಲ ಅಜ್ಜ. ಮೋಡ ಇಲ್ಲ.”

“ಇವತ್ತು ಹೋದದ್ದು ಹೌದು” ಎಂದರು ಅಜ್ಜ. “ತರಗೆಲೆ ಮೇಲೆ ನಿನ್ನ ಕಾಲು ಕೇಳಿತು. ಅವತ್ತು ಕೇಳ್ಲಿಲ್ಲ.”

ಹೊಡೆಯುತ್ತಾರೆ ಎಂದು ಕಾದೆ, ಹೊಡೆದರೆ ಒಳ್ಳೆಯದಿತ್ತು. ಅವರು ಬೀಸಣಿಗೆಯನ್ನು ಹುಡುಕಿ ಕೈಗೆ ತೆಗೆದುಕೊಂಡರು, ಬೀಸಲಿಲ್ಲ.

“ಕೇಳ್ಲಿಲ್ಲ ಅಂತ ಗೊತ್ತಿತ್ತು ನನಗೆ. ಗೊತ್ತಿದ್ದೇ ಹೇಳಿದೆ. ನನಗೂ ಮಳೆ ಬೇಕಿತ್ತು.”

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಇಟ್ಟ ಶಬ್ದವಾಯಿತು. ಅಜ್ಜ ದನಿ ತಗ್ಗಿಸಿದರು.

“ಯಾರಿಗೂ ಹೇಳುದು ಬೇಡ. ನಾನು ಹೇಳಿದ್ದು ಅಂತಲೇ ಇರ್ಲಿ. ಒಳಗೆ ಹೋಗು, ಕಾಲಿಗೆ ಎಣ್ಣೆ ಹಚ್ಚಿಕೋ.”

ಒಳಗೆ ಹೋದೆ. ಗಿಂಡಿ ಬಾಗಿಲ ಹಿಂದೆ, ದೊಡ್ಡಮ್ಮ ಇಟ್ಟ ಜಾಗದಲ್ಲೇ ಇತ್ತು, ಅರ್ಧ ಎಣ್ಣೆ ಹಾಗೆಯೇ ಇತ್ತು. ಅದನ್ನು ಹಚ್ಚಿಕೊಳ್ಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿಯ ತನಕ ನನ್ನ ಕಾಲಿಗೆ ನಾನೇ ಎಣ್ಣೆ ಹಚ್ಚಿಕೊಂಡದ್ದೇ ಇಲ್ಲ.